ಹದಿನೈದರ ಹೊಸ್ತಿಲಲ್ಲಿ ನನ್ನ ವ್ಯಾಗನ್ ಆರ್: ಆರು ವರ್ಷದ ಬಳಕೆಯ ಲೆಕ್ಕ

2011ರ ಮಾರ್ಚ್‌ನಲ್ಲಿ ಜಯನಗರದ ಆರ್‌ಟಿಒದಲ್ಲಿ ನೋಂದಣಿಯಾದ ಮಾರುತಿ ವ್ಯಾಗನ್ ಆರ್ ಕಾರನ್ನು ನಾನು 2019ರ ನವೆಂಬರ್‌ನಲ್ಲಿ ಬಸವನಗುಡಿಯ ನಿವೃತ್ತ ಬ್ಯಾಂಕ್ ನೌಕರರೊಬ್ಬರಿಂದ 2,15,000 ರೂಪಾಯಿಗೆ ಕೊಂಡೆ. ಅವರೇ ಮೊದಲ ಮಾಲೀಕರು. ಅಂದು ಮೀಟರಿನಲ್ಲಿ 52,000 ಕಿ.ಮೀ. ಇತ್ತು, ಈಗ 90,000 ದಾಟಿದೆ. ಬನಶಂಕರಿ ಎರಡನೇ ಹಂತದ ಮನೆಯಿಂದ ಬೆಳ್ಳಂದೂರಿನ ಕಚೇರಿಗೆ, ಕೋವಿಡ್ ಕಾಲದ ತಿಂಗಳುಗಳನ್ನು ಬಿಟ್ಟರೆ, ವಾರಕ್ಕೆ ನಾಲ್ಕು ದಿನ ಇದರಲ್ಲೇ ಹೋಗಿಬರುತ್ತಿದ್ದೇನೆ. 2026ರ ಮಾರ್ಚ್‌ಗೆ ನೋಂದಣಿ ಪತ್ರದ (ಆರ್‌ಸಿ) ಹದಿನೈದು ವರ್ಷದ ಅವಧಿ ಮುಗಿಯುತ್ತದೆ. ಮಾರುವುದೋ ಇಟ್ಟುಕೊಳ್ಳುವುದೋ ಎಂದು ಲೆಕ್ಕ ಹಾಕಲು ಕುಳಿತಾಗ, ದಿನನಿತ್ಯದ ಓಡಾಟಕ್ಕೆ ಹಳೆಯ ಕಾರು ಕೊಳ್ಳಬೇಕೆಂದಿರುವವರಿಗೂ ಈ ಲೆಕ್ಕ ಪ್ರಯೋಜನಕ್ಕೆ ಬಂದೀತು ಎನ್ನಿಸಿತು.

ಬೆಂಗಳೂರಿನಲ್ಲಿ ಓಡಿದ ಕಾರಿನ ವಯಸ್ಸನ್ನು ಕಿಲೋಮೀಟರಿನಲ್ಲಿ ಅಳೆಯಬಾರದು, ಗಂಟೆಯಲ್ಲಿ ಅಳೆಯಬೇಕು ಎಂಬುದು ನನಗೆ ತಡವಾಗಿ ಅರ್ಥವಾಯಿತು. ಸಂಜೆ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವ 14 ಕಿ.ಮೀ.ಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯುತ್ತದೆ, ಎಂದರೆ ಗಂಟೆಗೆ 12 ಕಿ.ಮೀ. ಈ ವೇಗದಲ್ಲಿ 50,000 ಕಿ.ಮೀ. ಓಡಿದ ಎಂಜಿನ್ ನಾಲ್ಕು ಸಾವಿರ ಗಂಟೆಗೂ ಹೆಚ್ಚು ದುಡಿದಿರುತ್ತದೆ. ಅಷ್ಟೇ ದೂರವನ್ನು ಹೆದ್ದಾರಿಯಲ್ಲಿ ಗಂಟೆಗೆ 50ರಂತೆ ಓಡಿದ ಕಾರಿನ ಎಂಜಿನ್ ದುಡಿದಿರುವುದು ಬರೀ ಸಾವಿರ ಗಂಟೆ. ಕ್ಲಚ್ಚಿನ ಕಥೆ ಇನ್ನೂ ಕಷ್ಟದ್ದು. ಮೊದಲನೇ ಗೇರಿನಲ್ಲಿ ಅರ್ಧ ಕ್ಲಚ್ಚು ಒತ್ತಿ ತೆವಳುವುದೇ ನಮ್ಮೂರಿನ ಚಾಲನೆ. ಹಾಗಾಗಿ 'ಸಿಟಿಯಲ್ಲೇ ಓಡಿದ್ದು, ಕಡಿಮೆ ಕಿ.ಮೀ.' ಎಂಬ ಜಾಹೀರಾತಿನ ಮಾತನ್ನು ನಾನು ಈಗ ಹೊಗಳಿಕೆಯಾಗಿ ಓದುವುದಿಲ್ಲ.

ಕೊಳ್ಳುವ ಮುನ್ನ ಹನುಮಂತನಗರದ ನಮ್ಮ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ದಿದ್ದೆ. ಅದಕ್ಕೆ ಕೊಟ್ಟ ಐನೂರು ರೂಪಾಯಿ ಈ ಇಡೀ ವ್ಯವಹಾರದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು. ಮೆಕ್ಯಾನಿಕ್ ಮೊದಲು ಬಗ್ಗಿ ನೋಡಿದ್ದು ಪೆಡಲುಗಳನ್ನು. "ಸಾರ್, ಮೀಟರ್ ಆಮೇಲೆ ನೋಡೋಣ, ಮೊದ್ಲು ಈ ರಬ್ಬರ್ ನೋಡಿ" ಎಂದರು. 52,000 ಎಂದು ತೋರಿಸುವ ಕಾರಿನ ಕ್ಲಚ್ ಪೆಡಲಿನ ರಬ್ಬರು ನುಣ್ಣಗೆ ಸವೆದು ಕಬ್ಬಿಣ ಕಾಣುತ್ತಿದ್ದರೆ ಮೀಟರನ್ನು ನಂಬಬಾರದಂತೆ. ಇದರಲ್ಲಿ ಗೆರೆಗಳು ಇನ್ನೂ ಉಳಿದಿದ್ದವು. ಬಳಿಕ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದರು. ಎಂಜಿನ್ ಸವೆದಿದ್ದರೆ ಬರುವಂತೆ ಹೊಗೆ ಒತ್ತಿಕೊಂಡು ಬರಲಿಲ್ಲ. ಕೊನೆಗೆ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಟ್ಟರು. ಕ್ಲಚ್ಚು ಸರಿಯಿದ್ದರೆ ಎಂಜಿನ್ ಒದ್ದಾಡಿ ಒಡನೆಯೇ ನಿಲ್ಲಬೇಕು. ಇದು ಎರಡು ಕ್ಷಣ ಗುಯ್‌ಗುಟ್ಟಿ ಆಮೇಲೆ ನಿಂತಿತು. "ಒಂದೂವರೆ ವರ್ಷ ಬರುತ್ತೆ" ಎಂದರು. 2021ರ ಜುಲೈನಲ್ಲಿ ಕ್ಲಚ್ ಸೆಟ್ ಬದಲಾಯಿಸಿದೆ.

ಖರ್ಚಿನ ಪುಸ್ತಕ ಇಟ್ಟಿದ್ದೇನೆ. ಕ್ಲಚ್ಚಿಗೆ 6,800, ನಾಲ್ಕು ಟೈರಿಗೆ 15,200, ಎರಡು ಬಾರಿ ಬ್ಯಾಟರಿಗೆ 8,100, ಮುಂದಿನ ಶಾಕ್ ಅಬ್ಸಾರ್ಬರ್ ಮತ್ತು ಲೋಯರ್ ಆರ್ಮ್‌ಗಳಿಗೆ 17,500, ಏಸಿಯ ಕೂಲಿಂಗ್ ಕಾಯಿಲ್ ಸೋರಿದಾಗ ಡ್ಯಾಶ್‌ಬೋರ್ಡ್ ಬಿಚ್ಚಿ ಹಾಕಿದ್ದಕ್ಕೆ 13,400, ವಾರ್ಷಿಕ ಸರ್ವೀಸುಗಳಿಗೆಲ್ಲ ಸೇರಿ 31,000. ಒಟ್ಟು 92,000, ತಿಂಗಳಿಗೆ 1,300 ರೂಪಾಯಿಯ ಆಸುಪಾಸು. 998 ಸಿಸಿಯ ಮೂರು ಸಿಲಿಂಡರ್ ಕೆ ಸರಣಿ ಎಂಜಿನ್ನಿಗೆ ಟೈಮಿಂಗ್ ಬೆಲ್ಟಿನ ಬದಲು ಚೈನ್ ಇರುವುದರಿಂದ, ಕಾಲಕಾಲಕ್ಕೆ ಬೆಲ್ಟ್ ಬದಲಾಯಿಸುವ ಖರ್ಚು ಬರಲಿಲ್ಲ. ಬಿಡಿಭಾಗಗಳಿಗೆ ಜೆ.ಸಿ. ರಸ್ತೆಗೆ ಒಮ್ಮೆ ಹೋದರೆ ಸಾಕು. ಹಳೆಯ ಕಾರಿನಲ್ಲಿ ಮಾದರಿಯ ಅಂದಕ್ಕಿಂತ ಇದು ದೊಡ್ಡ ಗುಣ. ಮಾರಾಟ ನಿಂತ ವಿದೇಶಿ ಮಾದರಿಗಳು ಅಗ್ಗಕ್ಕೆ ಸಿಕ್ಕರೂ ಒಂದು ಹೆಡ್‌ಲೈಟಿಗಾಗಿ ವಾರಗಟ್ಟಲೆ ಕಾಯಬೇಕಾದೀತು.

ಮೈಲೇಜಿನ ವಿಷಯದಲ್ಲಿ ಭ್ರಮೆ ಬೇಡ. ಮೈಸೂರಿಗೆ ಹೋದಾಗ ಲೀಟರಿಗೆ 17–18 ಕಿ.ಮೀ. ಸಿಗುತ್ತದೆ, ಕಚೇರಿಯ ದಾರಿಯಲ್ಲಿ ಏಸಿ ಹಾಕಿದರೆ 12.5. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲೇ ಎಲ್ಲೆಡೆ ಸಿಗತೊಡಗಿದ ಮೇಲೆ ನನ್ನ ಲೆಕ್ಕದಲ್ಲಿ ಇದು ಇನ್ನೂ ಅರ್ಧ ಕಿ.ಮೀ. ಇಳಿದಿದೆ. ಈ ಕಾಲದ ಕಾರುಗಳು ಆ ಮಿಶ್ರಣಕ್ಕೆಂದು ತಯಾರಾದವಲ್ಲವಾದ್ದರಿಂದ, ಇಂಧನದ ರಬ್ಬರ್ ಕೊಳವೆಗಳನ್ನು ಪ್ರತಿ ಸರ್ವೀಸಿನಲ್ಲೂ ನೋಡಿಸುತ್ತಿದ್ದೇನೆ.

2023ರ ಆರಂಭದಲ್ಲಿ ನನ್ನ ಷಡ್ಡಕರು ಇಂಥದ್ದೇ ಕಾರು ಹುಡುಕುತ್ತಿದ್ದಾಗ ನಡೆದದ್ದನ್ನು ಹೇಳಲೇಬೇಕು. ಹಳೆಯ ಕಾರುಗಳ ಮಾರಾಟ ಮಳಿಗೆಯೊಂದರಲ್ಲಿ 2016ರ ಕಾರೊಂದು ಮಾರುಕಟ್ಟೆಗಿಂತ ಐವತ್ತು ಸಾವಿರ ಕಡಿಮೆಗೆ ಇತ್ತು. ಒಳಗೆ ಕುಳಿತರೆ ಮಲ್ಲಿಗೆಯ ಸುಗಂಧ ಮೂಗಿಗೆ ರಾಚುತ್ತಿತ್ತು. ಮೆಕ್ಯಾನಿಕ್ ಮುಂದಿನ ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದರು. ಸದಾ ಸುರುಳಿಯಲ್ಲೇ ಉಳಿಯುವ ಕೊನೆಯ ಒಂದು ಅಡಿಯಲ್ಲಿ ಕೆಸರಿನ ಅಡ್ಡಗೆರೆ ಕಂದಾಗಿ ಒಣಗಿತ್ತು. ಸೀಟಿನ ಕೆಳಗಿನ ಹಳಿಗಳಿಗೆ ತುಕ್ಕು, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಗುಂಡಿಯ ಮೂಲೆಯಲ್ಲಿ ಸಣ್ಣ ಮರಳು. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಬೆಳ್ಳಂದೂರುಗಳ ಕಡೆ ನೆಲಮಾಳಿಗೆಗಳಲ್ಲಿ ಮುಳುಗಿದ ಕಾರುಗಳು ನಮ್ಮೆಲ್ಲರಿಗೂ ನೆನಪಿದ್ದವು. ಮಾರುವವರು ಮಾತ್ರ ಕಾರು ತೊಳೆಯುವಾಗ ನೀರು ಹೋಗಿರಬೇಕೆಂದರು. ನಾವು ಚಹಾ ಕುಡಿದು ಎದ್ದು ಬಂದೆವು.

ಕಾಗದಪತ್ರದಲ್ಲಿ ನನಗೆ ತೊಡಕಾಗಲಿಲ್ಲ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30, ಬಾಕಿ ಟ್ರಾಫಿಕ್ ದಂಡ, ಆರ್‌ಸಿಯಲ್ಲಿ ಸಾಲದ ನಮೂದು, ಇಷ್ಟನ್ನು ಹಣ ಕೊಡುವ ಮೊದಲೇ ನೋಡಿಕೊಂಡರೆ ಸಾಕು. ಹೊರರಾಜ್ಯದ ನೋಂದಣಿಯಿದ್ದರೆ ಬೆಲೆ ಎಷ್ಟೇ ಇಳಿದಿದ್ದರೂ ಎರಡು ಬಾರಿ ಯೋಚಿಸಬೇಕು, ಏಕೆಂದರೆ ನಿರಾಕ್ಷೇಪಣಾ ಪತ್ರ ತಂದು ಇಲ್ಲಿಯ ಆಜೀವ ತೆರಿಗೆಯನ್ನು ಕಟ್ಟಬೇಕಾಗುತ್ತದೆ. ಇನ್ನು ವಿಮೆ: ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ) ಅವರದೇ ಹೊರತು ಕಾರಿನದಲ್ಲ, ಅದು ನಮಗೆ ಬರುವುದಿಲ್ಲ. ಸಾವಿರ ಸಿಸಿಯೊಳಗಿನ ಕಾರಿಗೆ ಮೂರನೇ ವ್ಯಕ್ತಿಯ ವಿಮೆಯ ಮೂಲ ಕಂತು 2022ರ ಜೂನ್‌ನಿಂದ 2,094 ರೂಪಾಯಿ, ಸಾವಿರದಿಂದ ಒಂದೂವರೆ ಸಾವಿರ ಸಿಸಿಯೊಳಗಾದರೆ 3,416. ಚಿಕ್ಕ ಎಂಜಿನ್ನಿನ ಈ ಉಳಿತಾಯ ಪ್ರತಿ ವರ್ಷವೂ ಕೈಗೆ ಹತ್ತುತ್ತದೆ.

ನನ್ನ ಕಾರಿನ ದೊಡ್ಡ ಕೊರತೆ ಸುರಕ್ಷತೆ. ಇದರಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ. ಗಂಟೆಗೆ 12 ಕಿ.ಮೀ. ತೆವಳುವ ದಾರಿಯಲ್ಲಿ ಅದು ಕಾಡುವುದಿಲ್ಲ, ಆದರೆ ಮಗಳನ್ನು ಕೂರಿಸಿಕೊಂಡು ಮೈಸೂರಿನ ಹೆದ್ದಾರಿಗೆ ಇಳಿದಾಗ ಬಲಗಾಲು ತಾನೇ ತಾನಾಗಿ ಹಗುರವಾಗುತ್ತದೆ. ಹೊಸ ಕಾರುಗಳಿಗೆ ಎಬಿಎಸ್ ಮತ್ತು ಚಾಲಕರ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಈಗ ಕೊಳ್ಳುವುದಾದರೆ ನಾನು ಆ ವರ್ಷದ ಜುಲೈ ನಂತರ ತಯಾರಾದ ಕಾರನ್ನೇ ನೋಡುತ್ತೇನೆ, ಅದಕ್ಕಾಗಿ ಒಂದು ಲಕ್ಷ ಹೆಚ್ಚು ಕೊಡಬೇಕಾದರೂ ಸರಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಚಿಕ್ಕ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿರುವುದರಿಂದ, ಹಳೆಯ ಕಾರು ಮಾರುವವರೊಂದಿಗೆ ಚೌಕಾಸಿ ಮಾಡಲು ಕೊಳ್ಳುವವರಿಗೆ ಈಗ ಒಳ್ಳೆಯ ಆಧಾರವಿದೆ. ಅದಕ್ಕಿಂತ ಹಿಂದಿನ ಬೆಲೆಯನ್ನೇ ಹಿಡಿದು ಕೂತವರನ್ನು ಬಿಟ್ಟು ಮುಂದಿನವರ ಹತ್ತಿರ ಹೋಗಬಹುದು.

ಹಾಗಾದರೆ ಈ ಕಾರನ್ನು ಏನು ಮಾಡುವುದು? ದೆಹಲಿಯಲ್ಲಿ ತಂದಂತೆ ಹದಿನೈದು ವರ್ಷವಾದ ಪೆಟ್ರೋಲ್ ಕಾರು ಓಡಿಸಬಾರದೆಂಬ ನಿರ್ಬಂಧ ನಮ್ಮಲ್ಲಿಲ್ಲ. ಆರ್‌ಟಿಒದಲ್ಲಿ ವಾಹನ ತೋರಿಸಿ ಐದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಕಾರಿಗೆ 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. ಹಸಿರು ತೆರಿಗೆ ಬೇರೆ. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ನವೀಕರಣ ಶುಲ್ಕ 2025ರ ಆಗಸ್ಟ್‌ನಲ್ಲಿ 10,000 ಆಯಿತು. ಕೊಳ್ಳಲು ಬಂದ ಇಬ್ಬರು 85,000ಕ್ಕಿಂತ ಮೇಲೆ ಏರಲಿಲ್ಲ, ಆರ್‌ಸಿಗೆ ಮೂರೇ ತಿಂಗಳು ಉಳಿದಿದೆ ಎಂಬುದೇ ಅವರ ವಾದ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆ ಹಣಕ್ಕೆ ಇಷ್ಟು ಪರಿಚಯವಿರುವ ಇನ್ನೊಂದು ಕಾರು ಸಿಗುವುದಿಲ್ಲವಾದ್ದರಿಂದ ನವೀಕರಿಸಿ ಕಚೇರಿಗಷ್ಟೇ ಬಳಸುವುದೆಂದು ನಿರ್ಧರಿಸಿದ್ದೇನೆ. ಮೈಸೂರಿಗೆ ಇನ್ನು ರೈಲು. ಅವಧಿ ಮುಗಿಯುವ ಅರವತ್ತು ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಅಷ್ಟರೊಳಗೆ ಹಳದಿಗಟ್ಟಿದ ಎಡಗಡೆಯ ಹೆಡ್‌ಲೈಟ್ ಗಾಜು ಮತ್ತು ಗಂಟಲು ಕಟ್ಟಿರುವ ಹಾರನ್ನು ಬದಲಾಗಬೇಕು. ಹಾರನ್ನಿನ ಬೆಲೆ ಕೇಳಿ ಬಂದಿದ್ದೇನೆ, ಜೆ.ಸಿ. ರಸ್ತೆಯಲ್ಲಿ 450.