ಎರಡು ರಾತ್ರಿಗೆ ಒಂದೇ ಠಿಕಾಣಿ: ಕಚ್ಚಾ ದಾರಿಯ ಶಿಬಿರಕ್ಕೆ ನಾವು ಪ್ರಯತ್ನಿಸಿದ ಮೂರು ಬಗೆಗಳು

ಕಲಬುರಗಿಯಿಂದ ಆರು ಗಾಡಿಗಳಲ್ಲಿ ಹದಿನೇಳು ಜನ ಹೊರಟೆವೆಂದರೆ, ನಮ್ಮಲ್ಲಿ ಇಬ್ಬರ ಕೈ ಮಾತ್ರ ಕಚ್ಚಾ ದಾರಿಗೆ ಪಳಗಿರುತ್ತದೆ, ಮೂವರಿಗೆ ಕೈಗಿಂತ ಹುಮ್ಮಸ್ಸು ಹೆಚ್ಚಾಗಿರುತ್ತದೆ, ಉಳಿದವರಿಗೆ ರಾತ್ರಿಯ ಊಟ ಎಲ್ಲಿ ಎಂಬುದಷ್ಟೇ ಮುಖ್ಯವಾಗಿರುತ್ತದೆ. ಇಂಥ ಗುಂಪಿಗೆ ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗಿನ ಪ್ರವಾಸವನ್ನು ಹೊಂದಿಸಲು ಎರಡು ವರ್ಷಗಳಲ್ಲಿ ಮೂರು ಬಗೆಗಳನ್ನು ಪ್ರಯತ್ನಿಸಿದೆವು: ದಿನಕ್ಕೊಂದು ಕಡೆ ಟೆಂಟ್ ಹಾಕುತ್ತ ಮುಂದೆ ಸಾಗುವುದು, ಹಣ ಕೊಟ್ಟು ಎಲ್ಲವನ್ನೂ ಸಂಘಟಕರಿಗೆ ಒಪ್ಪಿಸಿಬಿಡುವುದು, ಒಂದೇ ಹೊಲದಲ್ಲಿ ಎರಡು ರಾತ್ರಿ ಬೀಡುಬಿಟ್ಟು ಅಲ್ಲಿಂದಲೇ ಸುತ್ತಲಿನ ದಾರಿಗಳಿಗೆ ಹೋಗಿ ಬರುವುದು. ನನ್ನ ಒಲವು ಮೂರನೆಯದರ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮೊದಲನೆಯದು ನನಗೆ ಕೊಟ್ಟ ಕಾಟ ಇನ್ನೂ ಮರೆತಿಲ್ಲ.

ಆ ಮೊದಲ ಪ್ರವಾಸ ನವೆಂಬರ್ ತಿಂಗಳಿನದು. ಶುಕ್ರವಾರ ರಾತ್ರಿ ಚಿಂಚೋಳಿ ತಾಲ್ಲೂಕಿನಲ್ಲಿ ಪರಿಚಿತರೊಬ್ಬರ ತೊಗರಿ ಹೊಲದ ಪಕ್ಕದಲ್ಲಿ ತಂಗುವುದು, ಶನಿವಾರ ಬೆಳಿಗ್ಗೆ ಹೊಲಗಳ ನಡುವಿನ ಬಂಡಿದಾರಿಗಳಲ್ಲಿ ಸಾಗಿ ಡಾಂಬರು ರಸ್ತೆಗೆ ಬರುವುದು, ಅಲ್ಲಿಂದ ಹುಮನಾಬಾದ್ ದಾಟಿ ಸಂಜೆಗೆ ಕಾರಂಜಾ ಜಲಾಶಯದ ಕಡೆಗೆ ತಲುಪುವುದು ಎಂದು ಲೆಕ್ಕ ಹಾಕಿದ್ದೆವು. ಚಿಂಚೋಳಿಯ ಕಾಡಿನೊಳಗೇ ಏಕೆ ತಂಗಬಾರದು ಎಂದು ಪ್ರತಿ ಸಲವೂ ಒಬ್ಬರಾದರೂ ಕೇಳುತ್ತಾರೆ. ಅದು 2011ರಿಂದ ವನ್ಯಜೀವಿ ಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ, ಬೆಂಕಿ ಹಚ್ಚುವುದಂತೂ ಇನ್ನೂ ದೊಡ್ಡ ತಪ್ಪು. ಆದ್ದರಿಂದ ಧಾಮದ ಗಡಿಯಿಂದ ದೂರದಲ್ಲಿ, ಮಾಲೀಕರನ್ನು ಕೇಳಿಯೇ ಟೆಂಟ್ ಹಾಕಿದೆವು. ಆ ರಾತ್ರಿ ಚೆನ್ನಾಗಿತ್ತು. ಕಷ್ಟ ಶುರುವಾದದ್ದು ಬೆಳಿಗ್ಗೆ, ಅದೂ ಹವಾದಿಂದ.

ಬಂಡಿದಾರಿಗೆ ಇಳಿಯುವ ಮುನ್ನ ಟೈರುಗಳ ಹವಾವನ್ನು 32 ಪಿಎಸ್‌ಐನಿಂದ (ಹವಾದ ಒತ್ತಡದ ಅಳತೆ) ಸುಮಾರು 20ಕ್ಕೆ ಇಳಿಸಬೇಕೆಂದು ನಮ್ಮಲ್ಲಿನ ಹಳಬರು ಹೇಳಿದರು. ಅದರಲ್ಲಿ ತಪ್ಪೇನಿಲ್ಲ. ಹವಾ ಇಳಿದಾಗ ಟೈರು ನೆಲವನ್ನು ಉದ್ದಕ್ಕೆ ಹಿಡಿಯುತ್ತದೆ, ಸಡಿಲ ಮಣ್ಣಿನಲ್ಲಿ ಹೂತುಹೋಗುವುದು ಕಡಿಮೆಯಾಗುತ್ತದೆ, ಒಳಗೆ ಕುಳಿತವರ ಸೊಂಟಕ್ಕೂ ಅಷ್ಟು ಪೆಟ್ಟು ಬೀಳುವುದಿಲ್ಲ. ಇಪ್ಪತ್ತನಾಲ್ಕು ಟೈರುಗಳ ಹವಾ ಬಿಡಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಅದನ್ನು ಮತ್ತೆ ತುಂಬಬೇಕಾಗುತ್ತದೆ ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕಿರಲಿಲ್ಲ.

ಹನ್ನೊಂದೂವರೆಗೆ ಡಾಂಬರಿಗೆ ಬಂದೆವು. 20ರ ಒತ್ತಡದಲ್ಲಿ ಹೆದ್ದಾರಿಯ ವೇಗಕ್ಕೆ ಹೋದರೆ ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಕಾದು ಸಿಡಿಯಬಹುದು, ಆದ್ದರಿಂದ ಅಲ್ಲಿಯೇ ಹವಾ ತುಂಬಿಕೊಳ್ಳುವುದು ಅನಿವಾರ್ಯವಾಗಿತ್ತು. ಆರು ಗಾಡಿಗಳಿಗೆ ಇದ್ದದ್ದು ಒಂದೇ ಪಂಪು, ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸುವ ಚಿಕ್ಕದು. ಅದು ಮೊದಲ ಗಾಡಿಯ ಫ್ಯೂಸನ್ನು ಸುಟ್ಟಿತು. ಎರಡನೆಯ ಗಾಡಿಗೆ ಸಿಕ್ಕಿಸಿದಾಗ ಒಂದು ಟೈರಿಗೆ ಏಳು ನಿಮಿಷ ತೆಗೆದುಕೊಂಡಿತು, ನಾಲ್ಕು ಟೈರುಗಳಾದ ಮೇಲೆ ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗಿ ಹತ್ತು ನಿಮಿಷ ವಿಶ್ರಾಂತಿ ಕೇಳಿತು. ಮಧ್ಯಾಹ್ನ ಒಂದೂವರೆಯಾದರೂ ಹನ್ನೆರಡು ಟೈರುಗಳು ಮಾತ್ರ ಮುಗಿದಿದ್ದವು. ರಸ್ತೆ ಬದಿಯ ಬೇವಿನ ನೆರಳಿನಲ್ಲಿ ಮಕ್ಕಳು ಅಳುತ್ತಿದ್ದರು, ದೊಡ್ಡವರು ಮಾತು ಬಿಟ್ಟಿದ್ದರು.

ಕೊನೆಗೆ ಎರಡು ಗಾಡಿಗಳು ಆಮೆ ವೇಗದಲ್ಲಿ ಹತ್ತಿರದ ಊರಿನ ಪಂಕ್ಚರ್ ಅಂಗಡಿಗೆ ಹೋದವು, ಅವುಗಳಲ್ಲಿ ಒಂದು ನನ್ನ ಬೊಲೆರೊ. ಅಂಗಡಿಯವರು ಟ್ಯಾಂಕಿನಲ್ಲಿ ಉಳಿದಿದ್ದ ಹವಾದಿಂದ ಮೂರು ಟೈರು ತುಂಬಿ ಕೈಚೆಲ್ಲಿದರು. “ಕರೆಂಟ್ ಹೋಗ್ಯಾದ್ರಿ ಸರ್, ಬರೋತನ ಕೂಡ್ರಿ” ಎಂದು ಬೆಂಚನ್ನು ನೆರಳಿಗೆ ಎಳೆದುಕೊಟ್ಟರು. ಕರೆಂಟ್ ಬಂದದ್ದು ಮೂರು ಗಂಟೆಗೆ. ಕಾರಂಜಾ ತಲುಪುವಷ್ಟರಲ್ಲಿ ಕತ್ತಲಾಗಿ, ಹಿಂದಿನ ರಾತ್ರಿ ಹಾಕಿ ಬಿಚ್ಚಿದ ಅದೇ ಟೆಂಟುಗಳನ್ನು ಗಾಡಿಯ ದೀಪದ ಬೆಳಕಿನಲ್ಲಿ ಮತ್ತೊಮ್ಮೆ ಹಾಕಿದೆವು. ಮುಂದೆ ಸಾಗುವ ಪ್ರವಾಸದಲ್ಲಿ ಕಚ್ಚಾ ದಾರಿ, ಡಾಂಬರು, ಮತ್ತೆ ಕಚ್ಚಾ ದಾರಿ ಎಂದು ಬರುವುದರಿಂದ ಭಾನುವಾರವೂ ಇದೇ ಕಥೆ ನಡೆಯಬೇಕಿತ್ತು. ಯಾರಿಗೂ ಧೈರ್ಯ ಸಾಲದೆ, ಬೆಳಿಗ್ಗೆ ಹವಾ ಬಿಡದೆಯೇ ನೇರವಾಗಿ ಮನೆಗೆ ಹೊರಟೆವು.

ಹವಾದ ತೊಂದರೆಯನ್ನು ಒಳ್ಳೆಯ ಪಂಪು ನೀಗಿಸಬಹುದು. ಈ ಬಗೆಯ ಎರಡನೆಯ ದೋಷವನ್ನು ಯಾವ ಸಲಕರಣೆಯೂ ನೀಗಿಸಲಾರದು. ಸಾಗುವ ದಾರಿಯಲ್ಲಿ ಒಂದು ಹಳ್ಳ ಅಡ್ಡ ಬಂದರೆ ಆರೂ ಗಾಡಿಗಳು ಅದನ್ನು ದಾಟಲೇಬೇಕು. ಆ ಶನಿವಾರ ಬೆಳಿಗ್ಗೆ, ಡಾಂಬರಿಗೆ ಬರುವ ಮುನ್ನ, ನಮಗೂ ಅಂಥದೊಂದು ಹಳ್ಳ ಎದುರಾಗಿತ್ತು, ಹಿಂದಿನ ವಾರದ ಹಿಂಗಾರು ಮಳೆಯ ಪಸೆ ಅದರ ದಡದಲ್ಲಿ ಇನ್ನೂ ಇತ್ತು. ಎರೆಮಣ್ಣು ಹಸಿಯಾದರೆ ಟೈರಿನ ಹಲ್ಲುಗಳ ನಡುವೆ ಮೆತ್ತಿಕೊಂಡು ಟೈರನ್ನೇ ನುಣ್ಣನೆಯ ಉರುಳೆಯನ್ನಾಗಿ ಮಾಡಿಬಿಡುತ್ತದೆ, ಆಮೇಲೆ ನಾಲ್ಕು ಚಕ್ರಗಳು ತಿರುಗಿದರೂ ಗಾಡಿ ನಿಂತಲ್ಲೇ ಜಾರುತ್ತದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಥಾರ್ ಜೀಪು ಇಟ್ಟುಕೊಂಡ ಗೆಳೆಯರು ನಗುತ್ತ ದಾಟಿದರು, ನಾನು ಹೂತುಕೊಂಡೆ, ನನ್ನ ಹಿಂದಿದ್ದವರು ಸ್ಟಿಯರಿಂಗ್ ಹಿಡಿದು ಎರಡೇ ತಿಂಗಳಾಗಿದ್ದ ಹುಡುಗಿಯಾದ್ದರಿಂದ ಆಕೆಯ ಕೈ ನಡುಗುತ್ತಿದ್ದುದು ಹೊರಗಿನಿಂದಲೇ ಕಾಣುತ್ತಿತ್ತು. ಹಿಂದಿರುಗಲು ದಾರಿಯಿರಲಿಲ್ಲ, ಬೇರೆಯವರು ಆಕೆಯ ಗಾಡಿಯನ್ನು ದಾಟಿಸಿಕೊಟ್ಟರು. ಆಕೆ ಮುಂದಿನ ಪ್ರವಾಸಕ್ಕೆ ಬರಲಿಲ್ಲ. ನನ್ನನ್ನು ಎಳೆಯುವಾಗ ಉತ್ಸಾಹಿಯೊಬ್ಬರು ಹಗ್ಗವನ್ನು ಟ್ರೇಲರ್ ಕಟ್ಟುವ ಕಬ್ಬಿಣದ ಗುಂಡಿಗೆ (ಟೋ ಬಾಲ್) ಸಿಕ್ಕಿಸಲು ಹೊರಟಿದ್ದರೆಂಬುದನ್ನೂ ಇಲ್ಲಿ ಹೇಳಬೇಕು. ಆ ಗುಂಡು ಜಗ್ಗಾಟದಲ್ಲಿ ಮುರಿದರೆ ತೋಪಿನ ಗುಂಡಿನಂತೆ ಹಾರುತ್ತದೆ. ಗಾಡಿಯ ಚಾಸಿಗೆ ಭದ್ರವಾಗಿ ಕೂಡಿಸಿರುವ ಎಳೆಕೊಕ್ಕೆಯನ್ನೇ ಬಳಸಬೇಕು, ಹಗ್ಗ ಬಿಗಿಯಾದಾಗ ಅದರ ಅಕ್ಕಪಕ್ಕ ಯಾರೂ ನಿಲ್ಲಬಾರದು.

ಸಂಘಟಕರ ಬಗೆಯನ್ನು ಬೇಗ ಮುಗಿಸುತ್ತೇನೆ. ಯಾದಗಿರಿ ಜಿಲ್ಲೆಯ ಶಹಾಪುರದ ಕಡೆ, ಬಂಡೆಗುಡ್ಡಗಳ ಬುಡದಲ್ಲಿ ಟೆಂಟ್, ಊಟ, ದಾರಿ ತೋರುವವರು ಎಲ್ಲವೂ ಸೇರಿ ತಲೆಗೆ 4,500 ರೂಪಾಯಿ. ಮಲಗಿದ ಬುದ್ಧನಂತೆ ಕಾಣುವ ಆ ಬೆಟ್ಟಸಾಲನ್ನು ಬೆಳಗಿನ ಬೆಳಕಿನಲ್ಲಿ ನೋಡಿದ್ದಕ್ಕೆ ಅರ್ಧ ಹಣ ಸಂದಿತೆಂದುಕೊಂಡೆ. ಆದರೆ ಕಚ್ಚಾ ದಾರಿ ಎಂದು ಅವರು ಕರೆದದ್ದು ಟ್ರ್ಯಾಕ್ಟರುಗಳು ದಿನವೂ ಓಡಾಡುವ ಮುರುಮ್ (ಗರಸು ಮಣ್ಣು) ರಸ್ತೆ. ಹೊಸಬರಿಗೆ ಹಿಡಿಸಿತು, ಥಾರಿನವರು ಆಕಳಿಸಿದರು. ಸಾಮಾನು ಇಲ್ಲದವರಿಗೆ, ಮೊದಲ ಸಲ ಹೋಗುವವರಿಗೆ ಇದು ಆಗಬಹುದು.

ಇನ್ನು ನನ್ನ ಮೆಚ್ಚಿನ ಬಗೆ. ಜನವರಿಯಲ್ಲಿ, ಎಳ್ಳ ಅಮಾವಾಸ್ಯೆ ಮುಗಿದ ಮೇಲೆ, ಭಾಲ್ಕಿ ತಾಲ್ಲೂಕಿನಲ್ಲಿ ಕಾರಂಜಾ ಹಿನ್ನೀರಿಗೆ ಹತ್ತಿರವಿರುವ ಗೆಳೆಯರ ಮಾವನವರ ಹೊಲದಲ್ಲಿ ಎರಡು ರಾತ್ರಿ ಬೀಡುಬಿಟ್ಟೆವು. ಬೋರಿನ ನೀರಿತ್ತು, ಹೊಲದ ಮನೆಯಲ್ಲಿ ಶೌಚಾಲಯವಿತ್ತು. ಗುಂಪಿನ ಹೆಂಗಸರು ಪ್ರವಾಸಕ್ಕೆ ಹೂಂ ಅನ್ನಲು ಈ ಎರಡನೆಯದೇ ಕಾರಣವಾಯಿತು. ಹೊಲದ ಬಾಗಿಲಿನಿಂದಲೇ ಮೂರು ದಾರಿಗಳು ಹೊರಡುತ್ತಿದ್ದವು: ಯಾರಾದರೂ ಹೋಗಬಹುದಾದ ಬಂಡಿದಾರಿ, ಒಣ ಹಳ್ಳವೊಂದನ್ನು ದಾಟುವ ದಾರಿ, ಸಡಿಲ ಜಂಬಿಟ್ಟಿಗೆ ಕಲ್ಲುಗಳ ಕಡಿದಾದ ಏರು. ಬೀದರ್ ಕಡೆಯ ಈ ಕೆಂಪು ನೆಲ ಮಳೆ ಬಂದರೂ ಬೇಗ ಆರುತ್ತದೆ, ಎರೆಯಂತೆ ಹಿಡಿದು ಕೂಡುವುದಿಲ್ಲ.

ಶನಿವಾರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಬಂಡಿದಾರಿಗೆ ಹೋದೆವು, ಪಳಗಿದವರಲ್ಲಿ ಒಬ್ಬರು ಮುಂದೆ, ಇನ್ನೊಬ್ಬರು ಎಲ್ಲರ ಹಿಂದೆ, ಹೊಸಬರು ನಡುವೆ. ತಿರುವು ಬಂದಲ್ಲಿ ಹಿಂದಿನ ಗಾಡಿ ಕಾಣುವವರೆಗೆ ಮುಂದಿನವರು ನಿಲ್ಲಬೇಕೆಂಬ ಒಂದೇ ನಿಯಮ ಇಟ್ಟುಕೊಂಡದ್ದರಿಂದ ಯಾರೂ ದಾರಿ ತಪ್ಪಲಿಲ್ಲ. ಹಳ್ಳದ ದಾರಿಗೆ ನಾಲ್ಕು ಗಾಡಿಗಳು ಹೋದವು, ಕಲ್ಲಿನ ಏರಿಗೆ ಎರಡೇ. ಉಳಿದವರು ಬದನೆಕಾಯಿ ಎಣಗಾಯಿಗೆ ಮಸಾಲೆ ಅರೆಯುತ್ತ ಕುಳಿತರು, ಅದರಿಂದ ಯಾರಿಗೂ ಅವಮಾನವಾಗಲಿಲ್ಲ. ಮೊದಲ ಪ್ರವಾಸಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಲ್ಲ ಇಲ್ಲಿದೆ: ಅಲ್ಲಿ ಕಷ್ಟದ ಜಾಗ ಎಲ್ಲರ ಪಾಲಿಗೂ ಬರುತ್ತಿತ್ತು, ಇಲ್ಲಿ ಬೇಕಾದವರು ಹುಡುಕಿಕೊಂಡು ಹೋಗಬೇಕಾಗಿತ್ತು. ಸಂಜೆ ಒಬ್ಬ ಹೊಸಬರು ತಾವಾಗಿಯೇ ಬಂದು, ಹಳ್ಳವನ್ನು ತೋರಿಸಿ ಎಂದರು. ಮೊದಲು ನಡೆದು ನೋಡಿ, ಒಬ್ಬರು ಎದುರು ನಿಂತು ಕೈಸನ್ನೆ ಮಾಡಿ, ಮೂರನೆಯ ಪ್ರಯತ್ನದಲ್ಲಿ ದಾಟಿಸಿದೆವು.

ಹವಾ ಬಿಟ್ಟದ್ದು ಶನಿವಾರ ಒಮ್ಮೆ, ತುಂಬಿದ್ದು ಭಾನುವಾರ ಊಟದ ಹೊತ್ತಿಗೆ ಒಮ್ಮೆ. ಈ ಸಲ ಎಲ್ಲರೂ ಸೇರಿ 6,500 ರೂಪಾಯಿಗೆ ಬ್ಯಾಟರಿಗೇ ಕ್ಲಿಪ್ ಹಾಕುವ ದೊಡ್ಡ ಪಂಪನ್ನು ಕೊಂಡಿದ್ದೆವು. ಕೆಲವರು ಟೆಂಟ್ ಮಡಚುತ್ತಿದ್ದಾಗ, ಕೆಲವರು ಕಟಕ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಕುಳಿತಿದ್ದಾಗ ಅದು ತನ್ನ ಪಾಡಿಗೆ ಕೆಲಸ ಮುಗಿಸಿತು.

ಈ ಬಗೆಯಲ್ಲೂ ಕುಂದುಗಳಿವೆ. ಎರಡನೆಯ ದಿನ ಕಾಣುವುದು ಮೊದಲ ದಿನದ ನೋಟವೇ. ಹಿನ್ನೀರು ಇಳಿದ ಜಾಗ ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಕೆಳಗೆ ಹೂಳು ಮೆತ್ತಗಿರುವುದರಿಂದ, ಹಿಮ್ಮಡಿ ಇಳಿಯುವಲ್ಲಿ ಗಾಡಿ ಇಳಿಸಕೂಡದೆಂದು ನಿಷೇಧ ಹಾಕಿದೆವು, ಅದು ಥಾರಿನವರಿಗೆ ಹಿಡಿಸಲಿಲ್ಲ. ಜನವರಿಯ ರಾತ್ರಿಯ ಚಳಿಗೆ ತೆಳು ಹೊದಿಕೆ ತಂದವರು ಗಾಡಿಯಲ್ಲೇ ಮಲಗಿದರು.

ಖರ್ಚಿನ ಮಾತು: ಪಂಪಿನ ಹಣ ಬಿಟ್ಟು, ಡೀಸೆಲ್ ಊಟ ಎಲ್ಲ ಸೇರಿ ಸಾಗುವ ಪ್ರವಾಸಕ್ಕೆ ತಲೆಗೆ 2,900, ಹೊಲದ ಪ್ರವಾಸಕ್ಕೆ 1,600 ರೂಪಾಯಿ. ತಿಂಗಳ ಸಂಬಳದಲ್ಲಿ ಬದುಕುವ, ಎರಡು ಚಕ್ರಗಳಿಗಷ್ಟೇ ಶಕ್ತಿ ಹೋಗುವ ಗಾಡಿ ಇಟ್ಟುಕೊಂಡಿರುವ, ಬೆಳಿಗ್ಗೆ ಆರಕ್ಕೆ ಚಹಾ ಸಿಗದಿದ್ದರೆ ಯಾರ ಜೊತೆಗೂ ನೆಟ್ಟಗೆ ಮಾತನಾಡದ ನನ್ನಂಥವನಿಗೆ ಒಂದೇ ಠಿಕಾಣಿಯೇ ಸರಿ. ಆರೂ ಗಾಡಿಗಳು ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವವಾಗಿದ್ದು, ಓಡಿಸುವ ಆರೂ ಜನ ಪಳಗಿದವರಾಗಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆನೇನೋ. ಬರುವ ಜನವರಿಗೆ ಅದೇ ಹೊಲವನ್ನು ಕೇಳಿ ಇಟ್ಟಿದ್ದೇವೆ, ಭಾನುವಾರ ಬೆಳಿಗ್ಗೆ ಮೂರು ತಾಸು ಥಾರಿನವರಿಗೆ ಕಲ್ಲಿನ ಏರನ್ನು ಬಿಟ್ಟುಕೊಡುವುದೆಂದು ಒಪ್ಪಂದವಾಗಿದೆ, ಹಳ್ಳದ ದಡದಲ್ಲಿ ಕೈ ನಡುಗಿದ್ದ ಆ ಹುಡುಗಿಗೂ ಹೇಳಿಕಳಿಸಿದ್ದೇವೆ.