ಲೋಲಕದ ಪ್ರಯೋಗ: ದಾರ, ಫೋನ್, ಸಿಮ್ಯುಲೇಶನ್ – ಯಾವುದು ಚೆನ್ನಾಗಿ ಕಲಿಸುತ್ತದೆ?

ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ, ಅಂದರೆ ‘ಜಿ’, ಅಳೆಯುವುದನ್ನು ಪದವಿ ವಿದ್ಯಾರ್ಥಿಗಳ ಜೊತೆ ಮೂರು ರೀತಿ ಮಾಡಿ ನೋಡಿದ್ದೇನೆ. ನನ್ನ ಓಟು ದಾರ, ಗುಂಡು, ಸ್ಟಾಪ್‌ವಾಚಿಗೇ.

1 ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿ ಬರಲು (ಒಂದು ಆಂದೋಲನಕ್ಕೆ) ಸುಮಾರು 2 ಸೆಕೆಂಡ್ ಬೇಕು. ಇದೇ ಆವರ್ತ ಕಾಲ; ಇದರಿಂದ ಮತ್ತು ಉದ್ದದಿಂದ ಜಿ ಲೆಕ್ಕ ಹಾಕುವುದು. ಗುಂಡಿ ಒತ್ತುವ ಬೆರಳು 0.2 ಸೆಕೆಂಡ್ ಆಚೀಚೆ ಆದರೂ ಶೇ. 10ರಷ್ಟು ತಪ್ಪು. 20 ಆಂದೋಲನ ಎಣಿಸಿ ಭಾಗಿಸಿದರೆ ಒಂದು ಆಂದೋಲನದ ತಪ್ಪು 0.01 ಸೆಕೆಂಡಿಗೆ ಇಳಿಯುತ್ತದೆ. ಬೋರ್ಡ್ ಮೇಲೆ ಬರೆದು ತೋರಿಸಿದರೆ ಸುಮ್ನೆ ತಲೆಯಾಡಿಸುತ್ತಾರೆ. ಕೈಯಲ್ಲಿ ಮಾಡುವಾಗ ‘ಇನ್ನೂ ಜಾಸ್ತಿ ಎಣಿಸೋಣ’ ಅಂತ ಅವರೇ ಹೇಳುತ್ತಾರೆ.

ಒಂದು ಗುಂಪು ದಪ್ಪ ಗುಂಡು ಕಟ್ಟಿ, ದಾರವನ್ನು ಕೊಕ್ಕೆಯವರೆಗೆ ಮಾತ್ರ ಅಳೆದಿತ್ತು. ಉದ್ದಕ್ಕೆ ಎದುರಾಗಿ ಆವರ್ತ ಕಾಲದ ವರ್ಗವನ್ನು ಗ್ರಾಫ್ ಹಾಕಿದರೆ ಗೆರೆ ಸೊನ್ನೆಯ ಮೂಲಕ ಹೋಗಲಿಲ್ಲ. ಆದರೂ ಜಿ ಬೆಲೆ ಸರಿಯಾಗಿ ಬಂತು! ಜಿ ಬರುವುದು ಗೆರೆಯ ಓರೆಯಿಂದ, ಅದು ಬದಲಾಗಿರಲಿಲ್ಲ. ಗೆರೆಯನ್ನು ಹಿಂದಕ್ಕೆ ಎಳೆದಾಗ ಉದ್ದದ ಅಕ್ಷದಲ್ಲಿ ಸಿಕ್ಕಿದ್ದು ಅಳೆಯದೆ ಬಿಟ್ಟ ದೂರ, ಕೊಕ್ಕೆಯಿಂದ ಗುಂಡಿನ ನಡುವಿನವರೆಗೆ. ಅದನ್ನು ಕಂಡುಕೊಂಡಾಗ ಅವರ ಮುಖ ನೋಡಬೇಕಿತ್ತು.

ಫೋನಿಗೆ ಬಳಸಿದ್ದು ಫೈಫಾಕ್ಸ್ ಆ್ಯಪ್. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು. ಫೋನನ್ನೇ ತೂಗುಬಿಟ್ಟರೆ ಅದರೊಳಗಿನ ಗೈರೋಸ್ಕೋಪ್, ಅಂದರೆ ತಿರುಗುವಿಕೆ ಅಳೆಯುವ ಸೆನ್ಸರ್, ಪ್ರತಿ ಆಂದೋಲನವನ್ನೂ ಬರೆದಿಡುತ್ತದೆ. ಆಂದೋಲನ ಕುಗ್ಗುತ್ತಾ ಹೋಗುವುದನ್ನು ಇಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ. 30 ಡಿಗ್ರಿಯಿಂದ ಬಿಟ್ಟರೆ ಆವರ್ತ ಕಾಲ ಸುಮಾರು ಶೇ. 1.7ರಷ್ಟು ಹೆಚ್ಚುತ್ತದೆ, ಅದನ್ನೂ ಹಿಡಿಯಬಹುದು. ತೊಂದರೆ ಏನೆಂದರೆ, ಉದ್ದ ಕೊಟ್ಟರೆ ಆ್ಯಪೇ ಜಿ ಬೆಲೆ ಹೇಳಿಬಿಡುತ್ತದೆ. ಅಲ್ಲಿಗೆ ಯೋಚನೆ ನಿಂತುಹೋಗುತ್ತದೆ. ನಾನು ಕಚ್ಚಾ ದತ್ತಾಂಶ ಮಾತ್ರ ಬಳಸಲು ಹೇಳುತ್ತೇನೆ.

ಫೆಟ್ ಸಿಮ್ಯುಲೇಶನ್‌ನಲ್ಲಿ, ಅಂದರೆ ಕಂಪ್ಯೂಟರ್ ಪರದೆಯ ಮೇಲಿನ ಲೋಲಕದಲ್ಲಿ, ಚಂದ್ರ, ಗುರುಗ್ರಹಕ್ಕೆಲ್ಲ ಹೋಗಬಹುದು, ಘರ್ಷಣೆ ಸೊನ್ನೆ ಮಾಡಬಹುದು. ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಯೋಜನೆ ಅದು. ಊಹೆ ಮಾಡಿ ಪರೀಕ್ಷಿಸಲು ಒಳ್ಳೆಯದು. ಆದರೆ ಅಲ್ಲಿ ದಾರ ಹಿಗ್ಗುವುದಿಲ್ಲ, ಬೆರಳು ತಡವಾಗುವುದಿಲ್ಲ. ಅಳತೆಯ ತಪ್ಪನ್ನು ಹುಡುಕುವುದೇ ಲ್ಯಾಬಿನ ಪಾಠ ಅಲ್ವಾ?

ಹಾಗಾಗಿ ಮೊದಲು ದಾರ, ಆಮೇಲೆ ಫೋನ್, ಸಿಮ್ಯುಲೇಶನ್ ಮನೆಗೆ. ಹಂತ ಹಂತದ ಸೂಚನೆ ಕೊಡಬೇಡಿ. ‘ಜಿ ಬೆಲೆ ಶೇ. 1ರೊಳಗೆ ತನ್ನಿ’ ಅಂತಷ್ಟೇ ಹೇಳಿ. ಸಮಯ ಜಾಸ್ತಿ ಹಿಡಿಯುತ್ತದೆ. ಅದಕ್ಕಾಗಿ ಪಟ್ಟಿಯಿಂದ ಬೇರೊಂದು ಪ್ರಯೋಗ ಬಿಡಬೇಕಾದರೂ ನಾನು ಬಿಡುತ್ತೇನೆ.