ಭಯ ಮಾರುವವರ ಕಥೆ: ‘ದಿ ಅಲಾರ್ಮಿಸ್ಟ್’

ಕಳೆದ ವರ್ಷ ಮೈಸೂರಿನ ಮನೆಯಲ್ಲಿ ಅಮ್ಮ ಒಬ್ಬರೇ ಇದ್ದಾಗ ಒಬ್ಬ ಸೇಲ್ಸ್‌ಮನ್ ಬಂದಿದ್ದ. ಕಳ್ಳತನದ ಸುದ್ದಿಗಳನ್ನು ಪೇಪರ್‌ನಿಂದ ಕತ್ತರಿಸಿ ಫೈಲ್ ಮಾಡಿಕೊಂಡಿದ್ದ. ಒಂದೊಂದನ್ನೇ ತೋರಿಸಿದ. ಆಮೇಲೆ ಹದಿನೈದು ದಿನ ಅಮ್ಮನಿಗೆ ಸರಿಯಾಗಿ ನಿದ್ದೆ ಇಲ್ಲ. ಹಾಗಾಗಿ ಇವಾನ್ ಡನ್‌ಸ್ಕಿ ನಿರ್ದೇಶನದ 1997ರ ಈ ಸಿನಿಮಾ ನೋಡುವಾಗ ನನಗೆ ನಗುವಿನ ಜೊತೆ ಸಿಟ್ಟೂ ಬಂತು.

ಊರು ಲಾಸ್ ಏಂಜಲೀಸ್. ಟಾಮಿ ಅನ್ನೋ ಹುಡುಗ ಮನೆಮನೆಗೆ ಹೋಗಿ, ಕಳ್ಳರು ನುಗ್ಗಿದರೆ ಕೂಗುವ ಅಲಾರಂ ಮಾರುವ ಕೆಲಸಕ್ಕೆ ಸೇರುತ್ತಾನೆ. ಜನರಿಗೆ ಉಪಕಾರ ಮಾಡುತ್ತಿದ್ದೇನೆ ಅಂತ ಮನಸಾರೆ ನಂಬಿದವನು. ಆದರೆ ಅವನ ಧಣಿ ಹೈನ್ರಿಚ್ ಗ್ರಿಗೋರಿಸ್, ವ್ಯಾಪಾರ ಬೀಳಬಾರದು ಅಂತ ತಾನೇ ಗಿರಾಕಿಗಳ ಮನೆಗೆ ನುಗ್ಗುತ್ತಾನೆ!

ಈ ಧಣಿಯ ಪಾತ್ರ ಮಾಡಿರುವ ಸ್ಟ್ಯಾನ್ಲಿ ಟುಚಿಗಾಗಿಯೇ ಸಿನಿಮಾ ನೋಡಬೇಕು. ಎಲ್ಲೂ ಖಳನಾಯಕನ ಹಾಗೆ ಕಾಣುವುದಿಲ್ಲ. ಪ್ರೀತಿಯಿಂದ, ಮನೆಯವರ ಹಾಗೆ ಮಾತಾಡುತ್ತಾನೆ. ಮೋಸ ಒಳಗೆ ಬರುವುದೇ ಹಾಗೆ ಅಲ್ವಾ? ಟಾಮಿಯಾಗಿ ಡೇವಿಡ್ ಆರ್ಕ್ವೆಟ್ ಮುಗ್ಧತೆ ಚೆನ್ನಾಗಿದೆ.

ಗಿರಾಕಿ ಗೇಲ್ ಜೊತೆ ಟಾಮಿಯ ಪ್ರೀತಿ ಶುರುವಾಗುವವರೆಗೂ ಕಥೆ ಸಲೀಸು. ಮಧ್ಯದಲ್ಲಿ ಕೊಲೆ ಬಂದ ಮೇಲೆ ನಗಿಸಬೇಕೋ ಹೆದರಿಸಬೇಕೋ ಅಂತ ಸಿನಿಮಾ ತಡವರಿಸುತ್ತದೆ. ಅಲ್ಲಿ ನನಗೆ ಬೇಜಾರಾಯಿತು. ಆದರೂ ಒಮ್ಮೆ ನೋಡಿ.

ರಾತ್ರಿ ಫೋನ್‌ನಲ್ಲಿ ಅಮ್ಮನಿಗೆ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನ ಫೈಲ್ ತುಂಬಾ ದಪ್ಪ ಇತ್ತು ಕಣೋ” ಅಂದರು.